ಆ್ಯಪ್ ಅಳಿಸಿದರೆ ಪಹಣಿಯೂ ಅಳಿಸಿಹೋಗುತ್ತದೆಯೇ? ಫೋನಿಗೂ ದಾಖಲೆಗೂ ನಡುವೆ ಇರುವ ಕಿಟಕಿಯ ಕತೆ

ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಜಮೀನಿನ ಮಾತು ಬಂತೆಂದರೆ ಅದರ ಹಿಂದೆಯೇ ಕೆಲವು ಫಾರ್ವರ್ಡ್‌ಗಳೂ ಬರುತ್ತವೆ. ಪಹಣಿ ತೋರಿಸುವ ಆ್ಯಪ್ ಇದ್ದವರು ಯಾರ ಜಮೀನಿನ ಹೆಸರನ್ನಾದರೂ ಬದಲಿಸಬಹುದು ಎನ್ನುವುದು ಒಂದು. ಸರ್ಕಾರದ ವೆಬ್‌ಸೈಟ್ ತೆರೆಯದೇ ಇದ್ದರೆ ದಾಖಲೆ ಹಾಳಾಗಿದೆ ಎಂದರ್ಥ ಎನ್ನುವುದು ಇನ್ನೊಂದು. ಆ್ಯಪ್ ಅಳಿಸಿದರೆ ಅದರೊಳಗಿನ ಪಹಣಿಯೂ ಹೋಯಿತು ಎಂದು ಹೆದರುವವರೂ ಇದ್ದಾರೆ, ಅದರಲ್ಲೂ ಹಿರಿಯರು.

ಮೊದಲೇ ಹೇಳಿಬಿಡುತ್ತೇವೆ: ಈ ಮೂರೂ ತಪ್ಪು. ಆದರೆ ‘ತಪ್ಪು’ ಎಂದಷ್ಟೇ ಬರೆದು ಕಳಿಸಿದರೆ ಅದೂ ಇನ್ನೊಂದು ಫಾರ್ವರ್ಡ್ ಆಗುತ್ತದೆ. ಏಕೆ ತಪ್ಪು ಎಂದು ತಿಳಿಯಬೇಕಾದರೆ ನಿಮ್ಮ ಫೋನಿಗೂ ಆ ದಾಖಲೆಗೂ ನಡುವೆ ಏನಿದೆ ಎಂದು ನೋಡಬೇಕು. ಸಾಫ್ಟ್‌ವೇರ್ ಕಟ್ಟುವವರು ಅದನ್ನು ‘ಸೇವಾ ಪದರ’ ಎನ್ನುತ್ತಾರೆ. ನಾವು ಇಲ್ಲಿ ಅದನ್ನು ಕಿಟಕಿ ಎಂದು ಕರೆಯುತ್ತೇವೆ. ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತವರಿಗೆಲ್ಲ ಅದರ ಅರ್ಥ ಚೆನ್ನಾಗಿ ಗೊತ್ತು.

ದಾಖಲೆ ಇರುವುದು ಎಲ್ಲಿ?

ಕರ್ನಾಟಕದ ಪಹಣಿಗಳು ಕಂಪ್ಯೂಟರಿಗೆ ಬಂದದ್ದು ‘ಭೂಮಿ’ ಯೋಜನೆಯಲ್ಲಿ, 2000ದ ಆಸುಪಾಸಿನ ವರ್ಷಗಳಲ್ಲಿ. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕೈಬರಹದ ಪುಸ್ತಕಗಳಿಂದ ಎತ್ತಿ ಕಂಪ್ಯೂಟರಿಗೆ ಸೇರಿಸಲಾಯಿತು. ತಂತ್ರಾಂಶ ಬರೆದದ್ದು ಕೇಂದ್ರ ಸರ್ಕಾರದ ಎನ್‌ಐಸಿ. ತಾಲ್ಲೂಕು ಕಚೇರಿಯ ಕಿಯೋಸ್ಕ್‌ನಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು, ಕೈಬರಹದ ಪಹಣಿ ಚಲಾವಣೆಯಿಂದಲೇ ಹೋಯಿತು. ಅಲ್ಲಿಯವರೆಗೆ ಆ ಪುಸ್ತಕ ಗ್ರಾಮಲೆಕ್ಕಿಗರ ಬಳಿ ಇರುತ್ತಿತ್ತು. ಅವರು ಸಿಕ್ಕಿದ ದಿನ ಪಹಣಿ, ಸಿಗದ ದಿನ ಇಲ್ಲ.

ಮೊದಲ ಭೂಮಿಯ ವ್ಯವಸ್ಥೆ ಸರಳವಾಗಿತ್ತು. ತಾಲ್ಲೂಕು ಕಚೇರಿಯಲ್ಲೇ ಒಂದು ಸರ್ವರ್, ಅದಕ್ಕೆ ತಂತಿಯಲ್ಲಿ ಜೋಡಿಸಿದ ಕೆಲವು ಕಂಪ್ಯೂಟರ್‌ಗಳು. ಆ ಕಂಪ್ಯೂಟರ್‌ಗಳಲ್ಲಿದ್ದ ಪ್ರೋಗ್ರಾಂ ನೇರವಾಗಿ ಡೇಟಾಬೇಸ್ ಜೊತೆ ಮಾತಾಡುತ್ತಿತ್ತು. ಬಳಸುವವರು ಬೆರಳೆಣಿಕೆಯ ಮಂದಿ, ಎಲ್ಲರೂ ಒಂದೇ ಕಟ್ಟಡದವರು. ಒಳಗೆ ಬರಲು ಸಿಬ್ಬಂದಿ ಬೆರಳಚ್ಚು ಕೊಡಬೇಕಿತ್ತು. ಅಷ್ಟಕ್ಕೆ ಅದು ಸಾಕಾಗಿತ್ತು.

ಈಗ ಅದೇ ದಾಖಲೆಯನ್ನು ಎಷ್ಟು ಜನ ಕೇಳುತ್ತಾರೆ ನೋಡಿ. ಮೈಸೂರಿನ ಬ್ಯಾಂಕಿನವರು ಬೆಳೆ ಸಾಲ ಕೊಡುವ ಮುನ್ನ ‘ಫ್ರೂಟ್ಸ್’ ತಂತ್ರಾಂಶದ ಮೂಲಕ ಜಮೀನಿನ ವಿವರ ನೋಡುತ್ತಾರೆ. ಉಪನೋಂದಣಿ ಕಚೇರಿಯ ‘ಕಾವೇರಿ’ ತಂತ್ರಾಂಶಕ್ಕೆ ಮಾರುವವರು ಯಾರು ಎಂಬ ವಿವರ ಬೇಕು. ಸರ್ವೆ ಇಲಾಖೆಯ ‘ಮೋಜಿಣಿ’ಗೆ ಬೇಕು. ಹೊಲದ ನಡುವೆ ನಿಂತು ‘ದಿಶಾಂಕ್’ ಆ್ಯಪ್ ತೆರೆದವರಿಗೆ ತಾವು ನಿಂತಿರುವುದು ಯಾವ ಸರ್ವೆ ನಂಬರಿನಲ್ಲಿ ಎಂದು ತಿಳಿಯಬೇಕು. ಇವನ್ನೆಲ್ಲ ಕಟ್ಟಿದವರು ಬೇರೆ ಬೇರೆ, ಕಟ್ಟಿದ ಕಾಲ ಬೇರೆ ಬೇರೆ. ಭೂಮಿ ಎನ್‌ಐಸಿಯದ್ದಾದರೆ, ಮೊದಲ ಕಾವೇರಿಯನ್ನು ರೂಪಿಸಿದ್ದು ಸಿ-ಡ್ಯಾಕ್. ಹೀಗೆ ಹುಟ್ಟಿದ ತಂತ್ರಾಂಶಗಳೆಲ್ಲ ಒಂದೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇರುತ್ತವೆ ಎಂದುಕೊಳ್ಳುವಂತಿಲ್ಲ. ಒಂದು ಜಾವಾದಲ್ಲಿ, ಮತ್ತೊಂದು ಸಿ ಶಾರ್ಪ್‌ನಲ್ಲಿ, ಫೋನಿನ ಆ್ಯಪ್ ಕಾಟ್ಲಿನ್‌ನಲ್ಲಿ ಅಥವಾ ಸ್ವಿಫ್ಟ್‌ನಲ್ಲಿ ಇರಬಹುದು. ಹತ್ತು ವರ್ಷ ಕಳೆದರೆ ಇವುಗಳಲ್ಲಿ ಅರ್ಧ ಮತ್ತೆ ಹೊಸದಾಗಿ ಬರೆಸಿಕೊಂಡಿರುತ್ತವೆ.

ಇವರೆಲ್ಲರನ್ನೂ ರೆಕಾರ್ಡ್ ರೂಮಿನ ಒಳಗೇ ಬಿಟ್ಟರೆ?

ಯಾವ ತಹಶೀಲ್ದಾರರೂ ಬಿಡುವುದಿಲ್ಲ. ಒಳಗೆ ಹೋದವರು ಹಾಳೆ ಹರಿಯಬಹುದು, ಕಡತವನ್ನು ತಪ್ಪು ಕಪಾಟಿನಲ್ಲಿ ಇಡಬಹುದು, ತಮಗೆ ಸಂಬಂಧವಿಲ್ಲದ ಹಾಳೆ ಓದಬಹುದು. ಅದಕ್ಕೇ ಕಿಟಕಿ ಇರುವುದು. ಹೊರಗಿನವರು ಅರ್ಜಿ ಕೊಡುತ್ತಾರೆ, ಒಳಗಿನವರು ಅದನ್ನು ಓದಿ, ಕೊಡಬಹುದಾದದ್ದನ್ನು ಮಾತ್ರ ತಂದುಕೊಡುತ್ತಾರೆ.

ಡೇಟಾಬೇಸಿನ ಮುಂದೆಯೂ ಇದೇ. ಹೊರಗಿನ ಪ್ರೋಗ್ರಾಂಗೆ ಡೇಟಾಬೇಸಿನ ಬೀಗದ ಕೈ ಸಿಗುವುದಿಲ್ಲ, ಒಂದು ಅರ್ಜಿ ನಮೂನೆ ಸಿಗುತ್ತದೆ. ಈ ಗ್ರಾಮದ ಈ ಸರ್ವೆ ನಂಬರಿನ ಪಹಣಿ ಬೇಕು ಎಂದು ಅದು ಕೇಳಬಹುದು. ‘ಎಲ್ಲರ ಪಹಣಿಯನ್ನೂ ಒಟ್ಟಿಗೆ ಕೊಡು’ ಎಂಬ ನಮೂನೆಯನ್ನು ಕಿಟಕಿ ಇಟ್ಟೇ ಇಲ್ಲದಿದ್ದರೆ, ಅದನ್ನು ಕೇಳುವ ದಾರಿಯೇ ಇರುವುದಿಲ್ಲ. ಪಹಣಿ ತೋರಿಸಲು ಒಂದು ಕಿಟಕಿ, ಬದಲಾವಣೆ ಮಾಡಲು ಬೇರೆಯೇ ಕಿಟಕಿ. ಎರಡನೆಯದರ ಮುಂದೆ ನಿಲ್ಲುವುದಕ್ಕೂ ಅಧಿಕಾರ ಬೇಕು.

ಆ್ಯಪ್ ಇಟ್ಟುಕೊಂಡವರು ಹೆಸರು ಬದಲಿಸುತ್ತಾರೆ ಎಂಬ ಫಾರ್ವರ್ಡ್ ಬಿದ್ದುಹೋಗುವುದು ಇಲ್ಲೇ. ಸಾರ್ವಜನಿಕರ ಆ್ಯಪ್ ನಿಲ್ಲುವುದು ತೋರಿಸುವ ಕಿಟಕಿಯ ಮುಂದೆ. ಪಹಣಿಯಲ್ಲಿ ಹೆಸರು ಬದಲಾಗಬೇಕಾದರೆ ಮ್ಯುಟೇಶನ್ ಆಗಬೇಕು, ಅಂದರೆ ಹಕ್ಕು ಬದಲಾವಣೆಯ ಪ್ರಕ್ರಿಯೆ ನಡೆಯಬೇಕು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಪ್ರಕಾರ ಅದಕ್ಕೆ ನೋಟಿಸ್ ಇದೆ, ಆಕ್ಷೇಪಣೆಗೆ ಅವಕಾಶ ಇದೆ, ಅಧಿಕಾರಿಯ ಆದೇಶ ಬೇಕು. ಫೋನಿನಲ್ಲಿ ಸರ್ವೆ ನಂಬರ್ ಒತ್ತಿದ ಮಾತ್ರಕ್ಕೆ ಇವುಗಳಲ್ಲಿ ಒಂದೂ ಶುರುವಾಗುವುದಿಲ್ಲ. ಆ್ಯಪ್ ಅಳಿಸಿದರೆ ಹೋಗುವುದು ನಿಮ್ಮ ಅರ್ಜಿ ಬರೆಯುವ ಪೆನ್ನು, ಅಷ್ಟೇ. ಪುಸ್ತಕ ಒಳಗೇ ಇದೆ.

ಕಿಟಕಿಗೆ ಯಾವ ಭಾಷೆ ಬರುತ್ತದೆ?

ಸಾಲಿನಲ್ಲಿ ಜಾವಾ, ಪೈಥಾನ್, ಸ್ವಿಫ್ಟ್ ಎಲ್ಲವೂ ನಿಂತಿವೆ ಎಂದುಕೊಳ್ಳಿ. ಒಬ್ಬೊಬ್ಬರ ಭಾಷೆಯಲ್ಲೂ ಉತ್ತರ ಕೊಡಲು ಹೊರಟರೆ ಕಿಟಕಿಯವರಿಗೆ ಬದುಕಿಲ್ಲ. ಹಾಗಾಗಿ ಅವರು ಯಾರ ಭಾಷೆಯನ್ನೂ ಕಲಿಯುವುದಿಲ್ಲ. ಬದಲಿಗೆ ಒಂದು ಸಾದಾ ನಮೂನೆ ಗೊತ್ತು ಮಾಡುತ್ತಾರೆ: ಮನೆಯ ಹೆಸರು ಎದುರಿಗೆ ಬೆಲೆ ಬರೆದ ದಿನಸಿ ಚೀಟಿಯ ಹಾಗೆ, ಪ್ರತಿ ಅಂಶದ ಹೆಸರು ಮತ್ತು ಅದರ ಎದುರು ಮೌಲ್ಯ. ಗ್ರಾಮ ಸಂಕೇತ ಇಷ್ಟು, ಸರ್ವೆ ನಂಬರ್ 42, ಸರ್‌ನಾಕ್ ನಕ್ಷತ್ರ ಗುರುತು, ಹಿಸ್ಸಾ 1. ಭೂಮಿ ವೆಬ್‌ಸೈಟಿನಲ್ಲಿ ಪಹಣಿ ನೋಡಿದವರಿಗೆ ಈ ಸಾಲು ಪರಿಚಿತವೇ, ಸರ್‌ನಾಕ್ ಎಂದರೇನು ಎಂದು ತಲೆ ಕೆರೆದುಕೊಂಡದ್ದೂ ನೆನಪಿರುತ್ತದೆ.

ಹೀಗೆ ಬರೆಯುವ ರೀತಿಗಳಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವುದು ಜೇಸನ್, ಸರ್ಕಾರಿ ಮತ್ತು ಬ್ಯಾಂಕ್ ವ್ಯವಸ್ಥೆಗಳಲ್ಲಿ ಎಕ್ಸ್‌ಎಂಎಲ್ ಕೂಡ ಇದೆ. ಎರಡೂ ಬರೀ ಅಕ್ಷರ ಮತ್ತು ಅಂಕಿಗಳು. ಯಾವ ಪ್ರೋಗ್ರಾಮಿಂಗ್ ಭಾಷೆಯೂ ಇವನ್ನು ಓದಬಲ್ಲದು, ಬರೆಯಬಲ್ಲದು. ಚೀಟಿಯನ್ನು ಹೊತ್ತು ತರುವುದು ಎಚ್‌ಟಿಟಿಪಿ, ನೀವು ಬ್ರೌಸರಿನಲ್ಲಿ ದಿನವೂ ಬಳಸುವ ಅದೇ ದಾರಿ. ಇದೇ ಉಪಾಯವನ್ನು ಇಡೀ ದೇಶಕ್ಕೆ ಹಾಸಿದವರು ಎಸ್ಟೋನಿಯಾದವರು. 2001ರಲ್ಲಿ ಶುರುವಾದ ಅವರ ಎಕ್ಸ್-ರೋಡ್‌ನಲ್ಲಿ ಒಂದೊಂದು ಇಲಾಖೆಯ ದಾಖಲೆಯೂ ಆಯಾ ಇಲಾಖೆಯಲ್ಲೇ ಉಳಿದು, ಚೀಟಿಗಳಷ್ಟೇ ಓಡಾಡುತ್ತವೆ.

ಹೇಳುವುದಕ್ಕೆ ಇದು ಸುಲಭ. ಮಾಡುವಾಗ ಎಡವುವುದು ಎಲ್ಲಿ ಎಂದರೆ, ಭಾಷೆಗಳು ಒಂದೇ ಮಾತನ್ನು ಬೇರೆ ಬೇರೆಯಾಗಿ ಅರ್ಥ ಮಾಡಿಕೊಳ್ಳುವಲ್ಲಿ. ದೂರ ಹೋಗುವುದು ಬೇಡ, ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳೋಣ.

‘ಮೈಸೂರು’ ಎಂಬುದರಲ್ಲಿ ಎಷ್ಟು ಅಕ್ಷರ?

ಒಂದನೇ ತರಗತಿಯ ಮಗು ಮೂರು ಎನ್ನುತ್ತದೆ: ಮೈ, ಸೂ, ರು. ಕಂಪ್ಯೂಟರನ್ನು ಕೇಳಿದರೆ ಉತ್ತರ ನೀವು ಯಾರನ್ನು ಕೇಳಿದಿರಿ ಎಂಬುದರ ಮೇಲೆ ಹೋಗುತ್ತದೆ. ಆಪಲ್ ಫೋನಿನ ಆ್ಯಪ್ ಬರೆಯುವ ಸ್ವಿಫ್ಟ್ ಭಾಷೆ ಮಗುವಿನ ಹಾಗೆ 3 ಎನ್ನುತ್ತದೆ. ಜಾವಾ ಮತ್ತು ಪೈಥಾನ್ 6 ಎನ್ನುತ್ತವೆ, ಏಕೆಂದರೆ ಯುನಿಕೋಡ್‌ನಲ್ಲಿ ‘ಮ’ ಒಂದು, ಅದರ ಐತ್ವ ಇನ್ನೊಂದು, ‘ಸ’ ಒಂದು, ಅದರ ದೀರ್ಘ ಉಕಾರ ಇನ್ನೊಂದು, ಹೀಗೆ. ಗೋ ಭಾಷೆಯಲ್ಲಿ ಉದ್ದ ಕೇಳಿದರೆ 18 ಬರುತ್ತದೆ. ಅದು ಬೈಟುಗಳನ್ನು ಎಣಿಸುತ್ತದೆ, ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು ಬೇಕು.

ಇದು ಒಗಟಲ್ಲ, ದಾಖಲೆಗೆ ನೇರವಾಗಿ ಬೀಳುವ ಪೆಟ್ಟು. ಹೆಸರಿನ ಅಂಕಣಕ್ಕೆ 50ರ ಮಿತಿ ಎಂದು ಕಿಟಕಿಯ ನಿಯಮದಲ್ಲಿ ಬರೆದಿದ್ದರೆ, ಏನು 50 ಎಂದು ಬರೆಯದೇ ಇದ್ದರೆ, ಒಂದು ಪ್ರೋಗ್ರಾಂ ಅದನ್ನು 50 ಬೈಟು ಎಂದು ತಿಳಿಯಬಹುದು. ಆಗ 17ನೇ ಸಂಕೇತದ ಮಧ್ಯದಲ್ಲೇ ಕತ್ತರಿ ಬೀಳುತ್ತದೆ. ಇಂಗ್ಲಿಷ್ ಹೆಸರಿನಲ್ಲಿ ಪರೀಕ್ಷೆ ಮಾಡಿ ಎಲ್ಲ ಸರಿ ಇದೆ ಎಂದವರಿಗೆ ಇದು ಕಾಣುವುದೇ ಇಲ್ಲ, ಏಕೆಂದರೆ ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟು.

ಇನ್ನೂ ಒಂದು ಇದೆ. ‘ಮೈ’ ಅಕ್ಷರದ ಐತ್ವವನ್ನು ಯುನಿಕೋಡ್‌ನಲ್ಲಿ ಎರಡು ಬಗೆಯಾಗಿ ಬರೆಯಬಹುದು: ಇಡೀ ಐತ್ವಕ್ಕೆ ಒಂದೇ ಸಂಕೇತ, ಇಲ್ಲವೇ ಎತ್ವ ಹಾಗೂ ಅದರ ಕೆಳಗಿನ ಗುರುತು ಎಂದು ಎರಡು ಸಂಕೇತ. ಪರದೆಯ ಮೇಲೆ ಎರಡೂ ಒಂದೇ. ಎಣಿಸಿದರೆ ಮೊದಲನೆಯದು 6, ಎರಡನೆಯದು 7. ನುಡಿ, ಬರಹ ಕಾಲದ ಹಳೆಯ ಫಾಂಟುಗಳಿಂದ ಯುನಿಕೋಡ್‌ಗೆ ಪರಿವರ್ತಿಸುವಾಗ ಇಂಥ ಎರಡನೇ ರೂಪ ನುಸುಳಬಹುದು. ಓತ್ವ ಇರುವ ಗೋಪಾಲ, ಸೋಮಣ್ಣ, ದೀರ್ಘ ಈಕಾರ ಇರುವ ಸೀತಮ್ಮ, ಇವರಿಗೆಲ್ಲ ಇದೇ ಪಾಡು. ಕಣ್ಣಿಗೆ ಒಂದೇ ಹೆಸರು, ಕಂಪ್ಯೂಟರಿಗೆ ಬೇರೆ ಬೇರೆ ಮನುಷ್ಯರು. ಒಂದು ದಾಖಲೆಯ ಹೆಸರನ್ನು ಇನ್ನೊಂದರ ಹೆಸರಿನೊಂದಿಗೆ ತಾಳೆ ನೋಡುವ ಕೆಲಸಕ್ಕೆ ಇದು ಎಂಥ ತೊಡಕು ಎಂದು ಬೇರೆ ಹೇಳಬೇಕಿಲ್ಲ.

ಇದನ್ನು ಸರಿಪಡಿಸುವ ಜಾಗ ಕಿಟಕಿ. ಒಳಗೆ ಬರುವ ಪ್ರತಿ ಹೆಸರನ್ನೂ ಒಂದೇ ರೂಪಕ್ಕೆ ತಂದು ಆಮೇಲೆ ಒಳಗೆ ಬಿಡಬೇಕು. ಹತ್ತು ಆ್ಯಪ್‌ಗಳಿಗೆ ‘ನೀವೇ ಸರಿ ಮಾಡಿಕೊಂಡು ಬನ್ನಿ’ ಎಂದರೆ ಒಂಬತ್ತು ಮಾಡುತ್ತವೆ, ಹತ್ತನೆಯದು ಮರೆಯುತ್ತದೆ. (ಸಿದ್ದಯ್ಯನೋ ಸಿದ್ಧಯ್ಯನೋ ಎಂಬ ತಕರಾರು ಬೇರೆ. ಅದನ್ನು ಯಾವ ಯುನಿಕೋಡೂ ಬಗೆಹರಿಸುವುದಿಲ್ಲ, ಅದಕ್ಕೆ ಮನುಷ್ಯರೇ ಕೂರಬೇಕು.)

ಊರಿನ ಹೆಸರೇ ಬದಲಾದರೆ? 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿಯೂ ನಮ್ಮ ಊರು ‘ಮೈಸೂರ್’ ಹೋಗಿ ‘ಮೈಸೂರು’ ಆಯಿತು. ರೈಲು ನಿಲ್ದಾಣದ ಫಲಕ ಬದಲಾಯಿತು, ಆದರೆ ಟಿಕೆಟಿನ ಮೇಲಿನ ನಿಲ್ದಾಣದ ಸಂಕೇತ ಎಂವೈಎಸ್ ಎಂದೇ ಉಳಿಯಿತು. ವಾಹನಗಳ ಕೆಎ 09 ಕೂಡ ಹಾಗೆಯೇ. ಕಿಟಕಿಯಲ್ಲಿ ಚೀಟಿ ಕೊಡುವಾಗ ಊರಿನ ಹೆಸರು ಬರೆಯದೆ ಸಂಕೇತ ಬರೆಯಬೇಕು ಎನ್ನುವುದು ಇದಕ್ಕೇ. ಹೆಸರು ತೋರಿಸುವುದು ಫೋನಿನ ಕೆಲಸ, ಬೇಕಾದವರಿಗೆ ಕನ್ನಡದಲ್ಲಿ, ಬೇಕಾದವರಿಗೆ ಇಂಗ್ಲಿಷಿನಲ್ಲಿ. ತಪ್ಪಾದಾಗಲೂ ಅಷ್ಟೇ. ಕಿಟಕಿ ಉದ್ದನೆಯ ಇಂಗ್ಲಿಷ್ ವಾಕ್ಯ ಕಳಿಸಿದರೆ ಆ್ಯಪ್ ಅದನ್ನು ಹಾಗೆಯೇ ಪರದೆಗೆ ಅಂಟಿಸುತ್ತದೆ. ತಪ್ಪಿನ ಸಂಖ್ಯೆ ಕಳಿಸಿದರೆ, ‘ಈ ಗ್ರಾಮದಲ್ಲಿ ಈ ಸರ್ವೆ ನಂಬರ್ ಇಲ್ಲ’ ಎಂದು ನಮಗೆ ತಿಳಿಯುವ ಮಾತಿನಲ್ಲಿ ಹೇಳಬಹುದು.

1.20 ಎಂದರೆ ಎಷ್ಟು ಜಮೀನು?

ನಮ್ಮ ಮಟ್ಟಿಗೆ ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಉದಾಹರಣೆ ಇದು. ಪಹಣಿಯಲ್ಲಿ ವಿಸ್ತೀರ್ಣ ಎಕರೆ, ಗುಂಟೆ, ಆಣೆಯ ಲೆಕ್ಕದಲ್ಲಿರುತ್ತದೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. 1.20 ಎಂದು ಬರೆದಿದ್ದರೆ ಯಾವ ರೈತರೂ ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ ಎಂದೇ ಓದುತ್ತಾರೆ.

ಪಹಣಿಯನ್ನೇ ನೋಡದ ಯಾರೋ ಪ್ರೋಗ್ರಾಮರ್ ಅದನ್ನು ದಶಮಾಂಶ ಎಂದುಕೊಂಡರೆ? 1.20 ಎಂದರೆ 1.2 ಎಕರೆ, ಅಂದರೆ 48 ಗುಂಟೆ. ಇರುವುದು 60. ಹನ್ನೆರಡು ಗುಂಟೆ ಚೀಟಿಯಲ್ಲೇ ಮಾಯ. ಒಂದು ಗುಂಟೆ 1,089 ಚದರಡಿ, ಹನ್ನೆರಡಕ್ಕೆ 13,068 ಚದರಡಿ. ಮೈಸೂರಿನ ಹೊರವಲಯದ ಲೆಕ್ಕದಲ್ಲಿ ಹೇಳುವುದಾದರೆ 30-40ರ ಹತ್ತು ಸೈಟಿಗಿಂತ ಹೆಚ್ಚು. ಕೂಡುವಾಗ ಇನ್ನೊಂದು ಎಡವಟ್ಟು. 1.20 ಮತ್ತು 1.30 ಸೇರಿದರೆ ದಶಮಾಂಶದಲ್ಲಿ 2.50. ನಿಜವಾದ ಉತ್ತರ 3 ಎಕರೆ 10 ಗುಂಟೆ.

ಇಲ್ಲಿಯೂ ಪ್ರೋಗ್ರಾಮಿಂಗ್ ಭಾಷೆಗಳನ್ನು ನಂಬಿ ಕೂರುವಂತಿಲ್ಲ. ದಶಮಾಂಶದ ಲೆಕ್ಕದಲ್ಲಿ ಅವುಗಳಿಗೇ ಒಂದು ಹಳೆಯ ಕಾಯಿಲೆ ಇದೆ: ಬಹುಪಾಲು ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿಸಿದರೆ 0.3 ಬಾರದೆ 0.30000000000000004 ಬರುತ್ತದೆ. ಎರಡರ ಘಾತಗಳಲ್ಲಿ ಲೆಕ್ಕ ಹಾಕುವ ಯಂತ್ರಕ್ಕೆ 0.1 ಎಂಬುದನ್ನು ಪೂರ್ತಿಯಾಗಿ ಬರೆಯಲು ಆಗದು, ನಮಗೆ 3ರಿಂದ 1ನ್ನು ಭಾಗಿಸಿ ಮುಗಿಸಲು ಆಗದ ಹಾಗೆ.

ಹಾಗಾಗಿ ಕಿಟಕಿ ಚುಕ್ಕಿ ಇರುವ ಸಂಖ್ಯೆಯನ್ನೇ ಕೊಡಬಾರದು. ಎಲ್ಲಕ್ಕಿಂತ ಸಣ್ಣ ಅಳತೆಯಲ್ಲಿ ಪೂರ್ಣಾಂಕ ಕೊಡಬೇಕು: ಒಂದೂವರೆ ಎಕರೆ ಎಂದರೆ 960 ಆಣೆ. ಅದನ್ನು ಯಾವ ಭಾಷೆಯೂ ತಪ್ಪಾಗಿ ಓದಲಾರದು. ಹಣದ ವಿಷಯದಲ್ಲೂ ಇದೇ ಪದ್ಧತಿ, 15 ರೂಪಾಯಿ ಎನ್ನದೆ 1,500 ಪೈಸೆ ಎನ್ನುವುದು. ದಿನಾಂಕವನ್ನು 2024-05-04 ಎಂದು ವರ್ಷ ಮೊದಲಾಗಿ ಬರೆಯುವುದೂ ಇದೇ ಕಾರಣಕ್ಕೆ. 04/05/2024 ಎಂದರೆ ನಮಗೆ ಮೇ 4, ಅಮೆರಿಕದ ಲೆಕ್ಕದಲ್ಲಿ ಏಪ್ರಿಲ್ 5.

ಎರಡು ಕಚೇರಿ, ಒಂದು ಚೀಟಿ

ಇಂಥ ಕಿಟಕಿಯಿಂದ ಜನರಿಗೆ ಆದ ಲಾಭ ಏನು ಎಂದು ಕೇಳಿದರೆ ನಾವು ತೋರಿಸುವುದು ಕಾವೇರಿ ಮತ್ತು ಭೂಮಿಯ ಜೋಡಣೆಯನ್ನು. ಜಮೀನು ಕೊಂಡವರು ಹಿಂದೆ ಎರಡು ಕಡೆ ಅಲೆಯಬೇಕಿತ್ತು. ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರ, ಅಲ್ಲಿಂದ ಕಾಗದ ತಾಲ್ಲೂಕು ಕಚೇರಿಗೆ ತಲುಪಿದ ಮೇಲೆ ಖಾತೆ ಬದಲಾವಣೆ. ಕಾಗದ ತಲುಪುವವರೆಗೆ ಪಹಣಿಯಲ್ಲಿ ಮಾರಿದವರ ಹೆಸರೇ ಇರುತ್ತಿತ್ತು. ಆ ಸಂದಿನಲ್ಲಿ ಅದೇ ಜಮೀನನ್ನು ಇನ್ನೊಬ್ಬರಿಗೆ ಮಾರುವುದಕ್ಕೂ, ಅದರ ಮೇಲೆ ಸಾಲ ಎತ್ತುವುದಕ್ಕೂ ದಾರಿ ಇತ್ತು.

ಈಗ ಕೃಷಿ ಜಮೀನಿನ ನೋಂದಣಿ ಆದಾಗ ಕಾವೇರಿಯಿಂದ ಭೂಮಿಗೆ ‘ಜೆ ಸ್ಲಿಪ್’ ಎಂಬ ಚೀಟಿ ಕಂಪ್ಯೂಟರಿನಲ್ಲೇ ಹೋಗುತ್ತದೆ, ಮ್ಯುಟೇಶನ್ ಪ್ರಕ್ರಿಯೆ ಅದರಿಂದಲೇ ಶುರುವಾಗುತ್ತದೆ. ಜಮೀನಿನ ಒಂದು ಭಾಗ ಮಾತ್ರ ಮಾರುವುದಾದರೆ ಸರ್ವೆ ಇಲಾಖೆಯ 11ಇ ನಕ್ಷೆಯೂ ಬೇಕು, ಅದು ಮೋಜಿಣಿಯ ಕಡೆಯಿಂದ ಬರಬೇಕು. ಮೂರು ಇಲಾಖೆಗಳ ಮೂರು ತಂತ್ರಾಂಶಗಳನ್ನು ಒಡೆದು ಒಂದು ಮಾಡದೆ, ನಡುವೆ ಚೀಟಿ ಓಡಾಡುವಂತೆ ಮಾಡಿದ್ದರಿಂದ ಇದು ಸಾಧ್ಯವಾಯಿತು. 2023ರಲ್ಲಿ ಕಾವೇರಿ 2.0 ಬಂದು ಹಳೆಯ ಕಾವೇರಿ ಪೂರ್ತಿ ಬದಲಾಯಿತು. ಹಾಗಿದ್ದರೂ ಪಕ್ಕದ ಭೂಮಿಯನ್ನು ಹೊಸದಾಗಿ ಬರೆಯಬೇಕಾಗಲಿಲ್ಲ. ಚೀಟಿಯ ನಮೂನೆ ಉಳಿದರೆ ಒಳಗೆ ಏನು ಬೇಕಾದರೂ ಬದಲಿಸಬಹುದು.

ನಮೂನೆಯನ್ನು ಉಳಿಸುವುದೇ ಒಂದು ಶಿಸ್ತು. ಮೊಮ್ಮಗ ಎರಡು ವರ್ಷದ ಹಿಂದೆ ಹಾಕಿಕೊಟ್ಟ ಆ್ಯಪನ್ನು ತಾತ ಇನ್ನೂ ಅಪ್‌ಡೇಟ್ ಮಾಡಿರುವುದಿಲ್ಲ. ನಮೂನೆಗೆ ಹೊಸ ಅಂಕಣ ಸೇರಿಸಿದರೆ ಅವರ ಆ್ಯಪ್ ಅದನ್ನು ಗಮನಿಸದೆ ಮುಂದೆ ಹೋಗುತ್ತದೆ. ಇರುವ ಅಂಕಣ ಕಿತ್ತರೆ, ಇಲ್ಲವೇ ಗುಂಟೆ ಇದ್ದಲ್ಲಿ ಆಣೆ ಇಟ್ಟರೆ, ಅವರ ಫೋನಿನಲ್ಲಿ ಕಸ ಕಾಣುತ್ತದೆ. ಅದಕ್ಕೇ ಒಳ್ಳೆಯ ವಿನ್ಯಾಸಕಾರರು ದೊಡ್ಡ ಬದಲಾವಣೆಗೆ ಎರಡನೇ ಕಿಟಕಿ ತೆರೆದು, ಹಳೆಯದನ್ನೂ ಕೆಲವು ಕಾಲ ತೆರೆದಿಡುತ್ತಾರೆ.

ಚೀಟಿಯಲ್ಲಿ ವಿಷ ಇದ್ದರೆ

ಡೇಟಾಬೇಸಿಗೆ ಆಜ್ಞೆ ಕೊಡುವ ಭಾಷೆ ಎಸ್‌ಕ್ಯುಎಲ್. ಅದರಲ್ಲಿ ಹೆಸರಿನ ಹಿಂದೆ ಮುಂದೆ ಒಂಟಿ ಉದ್ಧರಣ ಚಿಹ್ನೆ ಹಾಕುತ್ತಾರೆ. ಡಿ’ಸೋಜಾ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಆ ಚಿಹ್ನೆ ಹೆಸರಿನ ಒಳಗೇ ಬರುತ್ತದೆ. ಬಂದ ಹೆಸರನ್ನು ಹಾಗೆಯೇ ಆಜ್ಞೆಯೊಳಗೆ ಅಂಟಿಸುವ ಪ್ರೋಗ್ರಾಂ, ಹೆಸರು ‘ಡಿ’ಗೇ ಮುಗಿಯಿತು, ಮುಂದಿನದು ಆಜ್ಞೆ ಎಂದು ತಿಳಿದು ಕೆಟ್ಟು ನಿಲ್ಲುತ್ತದೆ. ಡಿ’ಸೋಜಾ ಅವರದ್ದು ಏನೂ ತಪ್ಪಿಲ್ಲ. ಆದರೆ ಕೇಡು ಬಯಸುವವರು ಹೆಸರಿನ ಜಾಗದಲ್ಲಿ ಬೇಕೆಂದೇ ಆ ಚಿಹ್ನೆ ಹಾಕಿ, ಮುಂದೆ ‘ಎಲ್ಲ ಅಳಿಸು’ ಎಂಬ ಆಜ್ಞೆ ಬರೆಯಬಹುದು. ದಶಕಗಳಿಂದ ಪ್ರಪಂಚದಾದ್ಯಂತ ನಡೆಯುತ್ತಿರುವ ದಾಳಿ ಇದು. ಇದಕ್ಕೆ ಮದ್ದು ಸರಳ: ಆಜ್ಞೆಯನ್ನು ಮೊದಲೇ ಸಿದ್ಧ ಮಾಡಿಟ್ಟು, ಹೊರಗಿನಿಂದ ಬಂದದ್ದನ್ನು ಅದರ ಖಾಲಿ ಜಾಗದಲ್ಲಿ ಬರೀ ಹೆಸರಾಗಿ ಇಡುವುದು. ಕಿಟಕಿ ಒಂದೇ ಇದ್ದರೆ ಈ ಎಚ್ಚರ ಒಂದೇ ಕಡೆ ಸಾಕು. ಪ್ರತಿ ಆ್ಯಪೂ ನೇರ ಒಳಗೆ ಬರುವಂತಿದ್ದರೆ ಎಲ್ಲ ಕಡೆಯೂ ಬೇಕು.

ಶುಲ್ಕ ಕಟ್ಟಿ ಗುಂಡಿ ಒತ್ತಿದಿರಿ, ಚಕ್ರ ತಿರುಗುತ್ತಲೇ ಇದೆ, ನೆಟ್‌ವರ್ಕ್ ಹೋಯಿತು. ಮತ್ತೆ ಒತ್ತಿದರೆ ಎರಡು ಸಲ ಹಣ ಹೋಗುತ್ತದೆಯೇ? ಕಿಟಕಿ ಸರಿಯಾಗಿ ಕಟ್ಟಿದ್ದರೆ ಹೋಗಬಾರದು. ಮೊದಲ ಸಲ ಒತ್ತಿದಾಗಲೇ ಆ್ಯಪ್ ಆ ವ್ಯವಹಾರಕ್ಕೆ ಒಂದು ಸಂಖ್ಯೆ ಕೊಡುತ್ತದೆ, ಮತ್ತೆ ಕಳಿಸುವಾಗಲೂ ಅದೇ ಸಂಖ್ಯೆ. ‘ಈ ಸಂಖ್ಯೆಯದ್ದು ಆಗಲೇ ಆಗಿದೆ’ ಎಂದು ಕಿಟಕಿ ಹಳೆಯ ರಸೀದಿಯನ್ನೇ ತೋರಿಸುತ್ತದೆ. ಆದರೆ ನೀವು ಆ್ಯಪ್ ಮುಚ್ಚಿ ಹೊಸದಾಗಿ ಶುರು ಮಾಡಿದರೆ ಅದು ಹೊಸ ಸಂಖ್ಯೆ, ಹೊಸ ವ್ಯವಹಾರ. ಆದ್ದರಿಂದ ಅವಸರ ಬೇಡ. ಹಿಂದಿನ ಪಾವತಿಯ ಸ್ಥಿತಿ ನೋಡಿದ ಮೇಲೆ ಮತ್ತೆ ಕಟ್ಟಿ.

ಕಿಟಕಿಯ ಮುಂದೆ ನೂಕುನುಗ್ಗಲು

2025ರ ಜನವರಿ-ಫೆಬ್ರುವರಿಯಲ್ಲಿ ಕಾವೇರಿ 2.0 ಕುಂಟತೊಡಗಿ ರಾಜ್ಯದಾದ್ಯಂತ ನೋಂದಣಿ ಬಿದ್ದುಹೋಗಿದ್ದು ನೆನಪಿರಬಹುದು. ದಿನ ಗೊತ್ತು ಮಾಡಿಕೊಂಡು ಬಂದವರು ಕಚೇರಿಗಳ ಮುಂದೆ ಕಾದು ಕಾದು ವಾಪಸಾದರು. ತನಿಖೆಯಲ್ಲಿ ಹೊರಬಂದದ್ದು: ನಕಲಿ ಖಾತೆಗಳನ್ನು ತೆರೆದು, ಇಸಿ ಎಂದೇ ಜನ ಕರೆಯುವ ಋಣಭಾರ ಪ್ರಮಾಣಪತ್ರದ ಹುಡುಕಾಟಗಳನ್ನು ಯಂತ್ರದಿಂದ ರಾಶಿ ರಾಶಿಯಾಗಿ ಕಳಿಸಲಾಗಿತ್ತು. ಒಬ್ಬನೇ ಸಾವಿರ ಬಾರಿ ಸಾಲಿಗೆ ನಿಂತು ಅರ್ಥವಿಲ್ಲದ ಅರ್ಜಿ ಕೊಡುತ್ತಿದ್ದರೆ ಹಿಂದಿದ್ದವರ ಸರದಿ ಬರುವುದೇ ಇಲ್ಲ.

‘ವೆಬ್‌ಸೈಟ್ ಬಿದ್ದಿದೆ, ದಾಖಲೆ ಹೋಯಿತು’ ಎನ್ನುವವರಿಗೆ ಉತ್ತರ ಇಲ್ಲಿದೆ. ಕಿಟಕಿಯ ಮುಂದೆ ಜಾತ್ರೆ ಸೇರಿದರೆ ಕೆಲಸ ನಿಲ್ಲುತ್ತದೆ, ಅದರಿಂದ ಕಪಾಟಿನಲ್ಲಿರುವ ಕಡತಕ್ಕೆ ಏನೂ ಆಗುವುದಿಲ್ಲ. ಹಾಗೆಂದು ಕಿಟಕಿ ಕಟ್ಟಿದವರ ಹೊಣೆ ಕಡಿಮೆಯಾಗದು. ಒಂದು ಖಾತೆ ನಿಮಿಷಕ್ಕೆ ಇಷ್ಟೇ ಸಲ ಕೇಳಬಹುದು ಎಂಬ ಮಿತಿ, ಕೇಳುತ್ತಿರುವುದು ಮನುಷ್ಯರೇ ಎಂದು ತಿಳಿಯುವ ಪರೀಕ್ಷೆ, ಹುಡುಕಾಟಕ್ಕೂ ನೋಂದಣಿಗೂ ಬೇರೆ ಬೇರೆ ಸಾಲು, ಇವು ಆರಂಭದಿಂದಲೇ ಇರಬೇಕಾದವು. ತೊಂದರೆ ಬಂದ ಮೇಲೆ ಸೇರಿಸುವುದು ದುಬಾರಿ, ಆ ಹೊತ್ತಿಗೆ ಬೆಲೆ ತೆತ್ತವರು ಸಾಲಿನಲ್ಲಿ ನಿಂತವರು.

ಹಾಗಾದರೆ ಹೆದರುವುದೇ ಬೇಡವೇ?

ಬೇಕು, ಆದರೆ ಸರಿಯಾದ ಕಡೆಗೆ. ಕಿಟಕಿ ಚೀಟಿಯನ್ನು ಪರೀಕ್ಷಿಸುತ್ತದೆ, ಮನಸ್ಸನ್ನಲ್ಲ. ಅಧಿಕಾರ ಇರುವವರ ಲಾಗಿನ್‌ನಿಂದ, ಸರಿಯಾದ ನಮೂನೆಯಲ್ಲಿ ಬಂದ ಸುಳ್ಳು ಅರ್ಜಿ ಅದರ ಕಣ್ಣಿಗೆ ಸರಿಯಾದ ಅರ್ಜಿಯೇ. ನಕಲಿ ಮಾಲೀಕರನ್ನು ನಿಲ್ಲಿಸಿ ಮಾಡಿಸಿದ ಕ್ರಯಪತ್ರದಿಂದಲೂ ಜೆ ಸ್ಲಿಪ್ ಹೋಗುತ್ತದೆ. ಅಂದು ಭೂಮಿಯಲ್ಲಿ ಸಿಬ್ಬಂದಿಗೆ ಬೆರಳಚ್ಚಿನ ಲಾಗಿನ್ ಇಟ್ಟದ್ದು ಈ ಕಾರಣಕ್ಕೇ: ಯಾರು ಬದಲಿಸಿದರು ಎಂಬ ಗುರುತು ಉಳಿಯಬೇಕು, ‘ನಾನಲ್ಲ’ ಎನ್ನಲು ಆಗಬಾರದು. ನಮ್ಮ ಕಡೆಯಿಂದ ಇದಕ್ಕೆ ಸಮನಾದದ್ದು ಆಧಾರ್ ಒಟಿಪಿ. 2024ರಿಂದ ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಡೆದಿದೆ, ಅದರ ಹೆಸರು ಹೇಳಿಕೊಂಡು ಫೋನ್ ಮಾಡಿ ಒಟಿಪಿ ಕೇಳಿದರೆ ಕೊಡಬೇಡಿ. ಕಿಟಕಿಯ ಬೀಗ ಎಷ್ಟೇ ಗಟ್ಟಿಯಾದರೂ ಕೀಲಿ ನಾವೇ ಕೊಟ್ಟರೆ ಪ್ರಯೋಜನವಿಲ್ಲ.

ಪಹಣಿ ತೋರಿಸುವ ಖಾಸಗಿ ಆ್ಯಪ್‌ಗಳು ಪ್ಲೇ ಸ್ಟೋರಿನಲ್ಲಿ ಇವೆ. ಕೆಲವು ಸರ್ಕಾರದ ಪುಟವನ್ನೇ ತಮ್ಮ ಚೌಕಟ್ಟಿನೊಳಗೆ ತೆರೆದು ತೋರಿಸಿ ನಡುವೆ ಜಾಹೀರಾತು ಹಾಕುತ್ತವೆ. ಅವು ದಾಖಲೆ ಬದಲಿಸಲಾರವು. ಆದರೆ ನೀವು ಒತ್ತಿದ ಮೊಬೈಲ್ ನಂಬರ್, ಆಧಾರ್ ನಂಬರ್ ಅವರ ಕೈಗೆ ಸಿಗಬಹುದು. ಪಹಣಿ ನೋಡಲು ಸಂಪರ್ಕಗಳ ಪಟ್ಟಿಗೂ ಎಸ್‌ಎಂಎಸ್ ಓದುವುದಕ್ಕೂ ಅನುಮತಿ ಕೇಳುವ ಆ್ಯಪ್ ಅನ್ನು ಅಲ್ಲಿಗೇ ಬಿಟ್ಟುಬಿಡಿ.

ಸರ್ಕಾರದ ಕಿಟಕಿಯ ವಿಳಾಸ ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್. ಅಲ್ಲಿ ಪಹಣಿ ಮತ್ತು ಮ್ಯುಟೇಶನ್ ವಿವರವನ್ನು ಹಣ ಕೊಡದೆ ನೋಡಬಹುದು, ಅಧಿಕೃತ ಪ್ರತಿ ಬೇಕಾದರೆ ಮಾತ್ರ ಶುಲ್ಕ. ವರ್ಷಕ್ಕೆ ಎರಡು ಮೂರು ಸಲ ನಿಮ್ಮ ಸರ್ವೆ ನಂಬರ್ ಹಾಕಿ ಮ್ಯುಟೇಶನ್ ಸ್ಥಿತಿ ನೋಡಿ, ಊರು ಬಿಟ್ಟು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವವರಂತೂ ತಪ್ಪದೆ ನೋಡಿ. ನೀವು ಮಾರಿಲ್ಲ, ಅರ್ಜಿ ಕೊಟ್ಟಿಲ್ಲ, ಆದರೂ ಹೊಸ ಮ್ಯುಟೇಶನ್ ಸಂಖ್ಯೆ ಕಾಣುತ್ತಿದೆ ಎಂದಾದರೆ ಆ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ. ಗುಂಪಿಗೆ ಫಾರ್ವರ್ಡ್ ಮಾಡುವ ಮೊದಲು ಪಹಣಿ, ಗುರುತಿನ ಚೀಟಿ ಹಿಡಿದು ನಿಮ್ಮ ತಾಲ್ಲೂಕು ಕಚೇರಿಗೆ ಹೋಗಿ, ಮೈಸೂರು ತಾಲ್ಲೂಕಿನವರಾದರೆ ನಜರ್‌ಬಾದಿನ ಮಿನಿ ವಿಧಾನಸೌಧಕ್ಕೆ. ನೋಟಿಸಿನ ಅವಧಿ ಮುಗಿಯುವುದರೊಳಗೆ ಲಿಖಿತ ಆಕ್ಷೇಪಣೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.